ಹೆಸರು ಕೂಗದ ಮನೆ

ನನ್ನ ಕೈಗೆ ಡಿಗ್ರಿ ಬರುವುದಿಲ್ಲ ಅಂತ ಮೊದಲು ಹೇಳಿದವನು ನನ್ನ ಸೋದರಮಾವ ನಂಜಪ್ಪ. ಚಾಮರಾಜನಗರದ ಅರಿಶಿನದ ಮಂಡಿಯಲ್ಲಿ ತೂಕ ಹಾಕುವ ಕೆಲಸ ಅವನದು. ಉಗುರಿನ ಸಂದಿಯಿಂದ ಹಿಡಿದು ಬನಿಯನ್ನಿನ ತನಕ ಎಲ್ಲ ಹಳದಿ. ಮಂಡಿಯ ಮುಂದಿನ ಟೀ ಅಂಗಡಿಯಲ್ಲಿ ನಾನು ಬೆಂಚಿನ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದೆ. ಹಮಾಲರೆಲ್ಲ ಇದ್ದರು. ಅವರ ಮುಂದೆ ಅಂದ:

"ನಿಂತ್ಕಂಡೇ ಮಲಗೋನು ಇವ್ನು. ಇವನ್ ಕೈಗೆ ಡಿಗ್ರಿ ಬಂದ್ರೆ ನಾನು ತಕ್ಕಡೀಲಿ ಕೂತ್ಕತೀನಿ. ಅರಿಶಿನದ ರೇಟಿಗೇ ಮಾರ್ಬುಡಿ ನನ್ನ."

ಎಲ್ಲರೂ ನಕ್ಕರು. ನನಗೆ ಕೇಳಿಸಿತು. ನನ್ನ ಕಾಯಿಲೆಯ ಕಷ್ಟವೇ ಅದು. ಮಲಗಿದ್ದಾನೆ ಅಂತ ಜನ ಏನೇನೋ ಮಾತಾಡುತ್ತಾರೆ, ನನಗೆ ಎಷ್ಟೋ ಸಲ ಎಲ್ಲ ಕೇಳಿಸುತ್ತಿರುತ್ತದೆ. ಬೆರಳೊಂದನ್ನೂ ಎತ್ತಲು ಆಗುವುದಿಲ್ಲ ಅಷ್ಟೇ.

ಇದನ್ನು ಬರೆಯುತ್ತಿರುವುದು ಅಂಥವರಿಗಾಗಿ. ಎಚ್ಚರ ಇದ್ದೂ ಮೈ ಬಾರದೆ ಬಿದ್ದುಕೊಂಡಿರುವಾಗ, ಕೋಣೆಯಲ್ಲಿ ಇನ್ಯಾರೋ ಇದ್ದಾರೆ ಅಂತ ಗೊತ್ತಾಗಿ, ಅದನ್ನು ಯಾರಿಗೂ ಹೇಳದೆ ನುಂಗಿಕೊಂಡವರು ನಮ್ಮ ಕಡೆ ಬಹಳ ಜನ ಇದ್ದಾರೆ. ಎಷ್ಟು ಜನ ಅನ್ನುವುದು ನನಗೂ ಆಮೇಲೆ ಗೊತ್ತಾಯಿತು.

ನಮ್ಮೂರು ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ, ಕಾಡು ಶುರುವಾಗುವುದಕ್ಕೆ ಒಂದು ಹಳ್ಳ ಮುಂಚೆ ಸಿಗುತ್ತದೆ. ಅಪ್ಪ ಅರಣ್ಯ ಇಲಾಖೆಯಲ್ಲಿ ವಾಚರ್. ಅವ್ವ ಚೆಂಡುಹೂವಿನ ಹೊಲಗಳಲ್ಲಿ ಹೂ ಬಿಡಿಸುತ್ತಾಳೆ. ಎರಡೂ ಕಡೆಯ ವಂಶದಲ್ಲಿ ಕಾಲೇಜಿನ ಗೇಟು ದಾಟಿದವನು ನಾನೊಬ್ಬನೇ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚ ಇಲ್ಲ. ಪುಕ್ಕಟೆ ಸಿಕ್ಕಿದ್ದಲ್ಲ ಅದು.

ಅಪ್ಪನ ಕೆಲಸದಿಂದ ನಮ್ಮ ಮನೆಗೆ ಬಂದ ಒಂದು ಪದ್ಧತಿ ಇದೆ. ಕಾಡಿನೊಳಗೆ ಹೋದವರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗುವುದಿಲ್ಲ. ಕೂ ಅನ್ನುತ್ತಾರೆ, ಇಲ್ಲ ಕಲ್ಲಿಗೆ ಕಲ್ಲು ತಟ್ಟುತ್ತಾರೆ. ಕೂಗಿದ ಹೆಸರು ಅಲ್ಲೇ ಉಳಿದುಬಿಡುತ್ತದಂತೆ. ಆಮೇಲೆ ಬೇರೆ ಏನೋ ಒಂದು ಅದೇ ಹೆಸರಲ್ಲಿ ಕರೆಯುತ್ತದಂತೆ, ಒಂದೇ ಸಲ. ಅದಕ್ಕೆ ಓಗೊಡಬಾರದು. ಮೂರು ಸಲ ಕರೆದರೆ ಮಾತ್ರ ಮನುಷ್ಯರು. ಈ ಪಾಠ ನನಗೆ ಅಕ್ಷರಕ್ಕಿಂತ ಮುಂಚೆ ಆಯಿತು.

ಪಿಯುಸಿ ಮುಗಿಯುವ ಹೊತ್ತಿಗೆ ನಿದ್ದೆ ಶುರುವಾಯಿತು. ದಣಿದವರ ನಿದ್ದೆಯಲ್ಲ, ಯಾರೋ ದೀಪ ಆರಿಸಿದ ಹಾಗೆ. ಬಸ್ಸಲ್ಲಿ, ಪಾಠದ ನಡುವೆ, ಊಟದ ತಟ್ಟೆಯ ಮುಂದೆ. ಅದರ ಹಿಂದೆಯೇ ಇನ್ನೊಂದು ಬಂತು. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಗೆಳೆಯನೊಬ್ಬ ನಮ್ಮ ಕಂಡಕ್ಟರು ಚಿಲ್ಲರೆಗೆ ಗೋಳಾಡುವುದನ್ನು ಅಣಕಿಸಿದ. ನಕ್ಕೆ. ನಗುತ್ತಿದ್ದ ಹಾಗೇ ಮಂಡಿ ಬಿಟ್ಟುಕೊಂಡವು, ಕತ್ತು ವಾಲಿತು, ಗೋಣಿಚೀಲದ ಹಾಗೆ ಕುಸಿದೆ. ಎಚ್ಚರ ಪೂರ್ತಿ ಇತ್ತು. ಹಾಡುಹಗಲೇ ಕುಡಿದವನೆ ಅಂತ ಯಾರೋ ಅಂದದ್ದು ಕೇಳಿಸಿತು. ಬೇಕರಿಯ ಮಲಯಾಳಿ ಚೇಟ ಓಡಿಬಂದು, ಮಗನೇ ಅನ್ನುವುದಕ್ಕೆ ಅವರ ಮಾತಿನಲ್ಲಿ ಮೋನೇ ಮೋನೇ ಅನ್ನುತ್ತ ತಲೆ ಎತ್ತಿ ಸೋಡಾ ಕುಡಿಸಿದ. ಬಾಯಿ ಮೂಸದೆ ಕುಡಿಸಿದವನು ಅವನೊಬ್ಬ.

ಸುದ್ದಿ ನನಗಿಂತ ಮುಂಚೆ ಊರು ಸೇರಿತ್ತು. ಅವತ್ತಿನಿಂದ ನಾನು ನಗುವುದನ್ನು ಕಡಿಮೆ ಮಾಡಿದೆ. ಖುಷಿಯಾದರೆ ಬೀಳುತ್ತೇನೆ ಅಂತ ಗೊತ್ತಾದ ಮೇಲೆ ಮನುಷ್ಯ ಖುಷಿಗೇ ಹೆದರುತ್ತಾನೆ.

ಇನ್ನು ಬಾಗಿಲಿನ ವಿಷಯ.

ನಮ್ಮ ಮನೆಯ ನಡುಮನೆಗೆ ಪಡುವಲ ಬಾಗಿಲು. ಮಧ್ಯಾಹ್ನ ಮೂರರ ಮೇಲೆ ಬಿಸಿಲು ನೇರ ಒಳಗೆ ಬೀಳುತ್ತದೆ. ನಾನು ಚಾಪೆಯ ಮೇಲೆ ಓದುತ್ತ ಓದುತ್ತ ಹೋಗಿಬಿಡುತ್ತಿದ್ದೆ. ಕಣ್ಣು ತೆರೆದಾಗ ಮೈ ಇರುತ್ತಿರಲಿಲ್ಲ. ತೊಲೆ ಕಾಣುತ್ತದೆ, ಹೊರಗೆ ಕೋಳಿ ಕೆದರುವುದು ಕೇಳುತ್ತದೆ, ಎದೆಯ ಮೇಲೆ ರಾಗಿ ಮೂಟೆ ಇಟ್ಟ ಹಾಗೆ ಭಾರ. ಆಗ ಬಾಗಿಲಲ್ಲಿ ಅವರು ನಿಂತಿರುತ್ತಿದ್ದರು. ಇಬ್ಬರು. ಬಿಸಿಲು ಬೆನ್ನ ಹಿಂದೆ, ಮುಖ ಬರೀ ಕಪ್ಪು. ಬಲಗಡೆಯವನ ಕೈಯಲ್ಲಿ ಬಾಗಿದ್ದು ಏನೋ ಹೊಳೆಯುತ್ತಿತ್ತು. ಎಡಗಡೆಯದು ಸ್ವಲ್ಪ ಗಿಡ್ಡ. ತಲೆ ಒಂದು ಪಕ್ಕಕ್ಕೆ ವಾಲಿಸಿಕೊಂಡು, ಏನನ್ನೋ ಕೇಳಿಸಿಕೊಳ್ಳಲು ಕಾಯುವ ಹಾಗೆ ನಿಲ್ಲುತ್ತಿತ್ತು. ಇಬ್ಬರೂ ಮಾತಾಡುವುದಿಲ್ಲ, ಒಳಗೆ ಬರುವುದಿಲ್ಲ, ಹೋಗುವುದೂ ಇಲ್ಲ. ಅವ್ವಾ ಅಂತ ಕೂಗಲು ಬಾಯಿ ಇಲ್ಲ. ಭಾರ ಇಳಿದು ನಾನು ಎದ್ದು ಕೂರುವ ಹೊತ್ತಿಗೆ ಬಾಗಿಲಲ್ಲಿ ಬಿಸಿಲು ಮಾತ್ರ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಕಾಲೇಜು ಬಿಡಿಸುತ್ತಾರೆ ಅನ್ನುವ ಭಯ ಆ ಇಬ್ಬರಿಗಿಂತ ದೊಡ್ಡದಾಗಿತ್ತು. ಚಾಮರಾಜನಗರದಲ್ಲಿ ಬಿ.ಎ. ಸೇರಿದ್ದೆ, ಸೈಕಾಲಜಿಯೂ ಒಂದು ವಿಷಯ. ಮೊದಲನೇ ವರ್ಷದ ಪರೀಕ್ಷೆಯಲ್ಲಿ ಮೇಲ್ವಿಚಾರಕರು ನನ್ನ ಭುಜ ಅಲುಗಿಸಿ, ಉತ್ತರ ಪತ್ರಿಕೆಯ ಕಡೆ ಬೆರಳು ಮಾಡಿದರು. ಮೇಲೆ ಅರ್ಧ ಪುಟ ಸರಿಯಾದ ಉತ್ತರ. ಅದರ ಕೆಳಗೆ ನನ್ನದೇ ಅಕ್ಷರದಲ್ಲಿ, ಗೆರೆ ಬಿಟ್ಟು ಇಳಿಯುತ್ತಾ, "ಬಾಗ್ಲು ತಗಿ ಬಾಗ್ಲು ತಗಿ ಬಾಗ್ಲು ತಗಿ." ಪುಟದ ತುದಿ ತನಕ ಅದೇ. ಬರೆದ ನೆನಪು ನನಗಿಲ್ಲ. ಆ ಪೇಪರ್ ಹೋಯಿತು.

ಆಮೇಲೆ ಮನೆಯಲ್ಲಿ ಮುಚ್ಚಿಡಲು ಆಗಲಿಲ್ಲ. ಅವ್ವ ಗೋಪಾಲಸ್ವಾಮಿ ಬೆಟ್ಟಕ್ಕೆ ಹರಕೆ ಹೊತ್ತಳು. ಗುಂಡ್ಲುಪೇಟೆಯ ಡಾಕ್ಟರೊಬ್ಬರು ನರದ ವೀಕ್ನೆಸ್ ಅಂದು ಕೆಂಪು ಇಂಜೆಕ್ಷನ್ ಚುಚ್ಚಿದರು. ಮನೆಯವರಿಗೆ ಆ ಮಾತು ಹಿಡಿಸಿತು. ನರ ಅಂದರೆ ಯಾರೂ ನಗುವುದಿಲ್ಲ, ತಲೆ ಅಂದರೆ ನಗುತ್ತಾರೆ. ಮಾವ ಮಾತ್ರ ಒಪ್ಪದೆ ತಮಿಳುನಾಡಿನ ಗಡಿ ಕಡೆಯ ಒಬ್ಬ ಮಂತ್ರವಾದಿಯ ಹತ್ತಿರ ಕರೆದುಕೊಂಡು ಹೋದ. ಅಪ್ಪನೂ ಬಂದಿದ್ದ. ಬೂದಿ ಹಿಡಿದು ಕೂತ ಆ ಮನುಷ್ಯ ಹುಡುಗನ ಹೆಸರೇನು ಅಂತ ಕೇಳಿದ. ಅಪ್ಪ ಮುಖ ಅಲುಗಿಸದೆ ಬೇರೆ ಯಾವುದೋ ಹೆಸರು ಹೇಳಿಬಿಟ್ಟ. ಹಿಂದಕ್ಕೆ ಬರುವಾಗ ಬಸ್ಸಲ್ಲಿ ಮಾವ ರೇಗಾಡಿದ. ಹೆಸರೇ ಸುಳ್ಳಾದರೆ ಮಂತ್ರ ಯಾರಿಗೆ ತಟ್ಟುತ್ತದೆ ಅಂತ.

ಮನೆಗೆ ಬಂದ ಮೇಲೆ ಮಾವ ತೀರ್ಪು ಕೊಟ್ಟ. ಓದು ಸಾಕು, ಓದಿಯೇ ನರ ಸೋತಿರುವುದು, ಮಂಡಿಯಲ್ಲಿ ಚೀಲ ಹೊಲಿಯುವ ಕೆಲಸ ಕೊಡಿಸುತ್ತೇನೆ, ಅಲ್ಲಿ ಮಲಗಿದರೂ ಚೀಲದ ಮೇಲೆಯೇ ಬೀಳುತ್ತಾನೆ. ಅಪ್ಪ ಈ ವರ್ಷ ಮುಗಿಯಲಿ ಅಂದ. ನನಗೆ ಸಿಕ್ಕಿದ್ದು ಅಷ್ಟು.

ಆ ವರ್ಷದಲ್ಲೇ ಚೀನಾ ಬಂತು.

ನಮ್ಮ ಸೈಕಾಲಜಿ ಮೇಡಂ ಸೆಮಿನಾರಿಗೆ ವಿಷಯ ಹಂಚುತ್ತಿದ್ದರು. ಕೈ ಎತ್ತಿದವರಿಗೆ ಕೇಳಿದ ವಿಷಯ. ನಾನು ನಿದ್ದೆ ಹೋಗಿದ್ದೆ. ಎದ್ದಾಗ ಯಾರಿಗೂ ಬೇಡದ ಒಂದು ವಿಷಯ ನನ್ನ ಪಾಲಿಗೆ ಉಳಿದಿತ್ತು: ಚೀನೀ ಸಮಾಜಗಳಲ್ಲಿ ಮನೋವಿಜ್ಞಾನ, ಸಂಶೋಧನೆ ಮತ್ತು ಚಿಕಿತ್ಸೆ. ನಿಂಗ್ಯಾಕ್ಲಾ ಚೀನಾ, ನೀನು ಚಿಕ್ಕೋಡಿ ನೋಡಿಲ್ಲ ಅಂತ ಹಿಂದಿನ ಬೆಂಚಿನವರು ರೇಗಿಸಿದರು. ನಗು ಬಂತು, ಡೆಸ್ಕ್ ಹಿಡಿದುಕೊಂಡೆ.

ಮೇಡಂ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಕೊಟ್ಟರು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು, ನಿಂತುಕೊಂಡು ಓದಿದೆ, ಕೂತರೆ ನಿದ್ದೆ. ಓದುತ್ತ ಹೋದಂತೆ ಅದು ಚೀನಾ ಅಂತಲೇ ಅನ್ನಿಸಲಿಲ್ಲ. ಅಲ್ಲಿಯೂ ಜನ ಮನಸ್ಸಿನ ಸಂಕಟವನ್ನು ತಲೆನೋವು, ಎದೆನೋವು, ಸುಸ್ತು ಅಂತಲೇ ಡಾಕ್ಟರಿಗೆ ಹೇಳುತ್ತಾರಂತೆ. ಅಲ್ಲಿಯೂ ಬಹಳ ಕಾಲ ನರದೌರ್ಬಲ್ಯ ಅನ್ನುವುದು ಮರ್ಯಾದಸ್ಥ ಕಾಯಿಲೆಯಾಗಿತ್ತಂತೆ, ಯಾಕೆಂದರೆ ಅದರಿಂದ ಮನೆಯ ಮುಖಕ್ಕೆ ಮಸಿ ಇಲ್ಲ. ರೋಗಿ ಒಬ್ಬನೇ ಡಾಕ್ಟರ ಕೋಣೆಗೆ ಹೋಗುವುದು ಕಮ್ಮಿ, ಮನೆಯವರು ಜೊತೆಗೆ ಹೋಗುತ್ತಾರಂತೆ. ಬೇರೆ ದೇಶದಿಂದ ಬಂದ ಚಿಕಿತ್ಸೆಯನ್ನು ಅಲ್ಲಿಯವರು ಮನೆಯವರನ್ನು ಕೂರಿಸಿಕೊಂಡು ಮಾಡುವ ಹಾಗೆ ತಿದ್ದಿಕೊಂಡಿದ್ದರಂತೆ.

ಆಮೇಲೆ ಒಂದು ಪುಟ ಬಂತು. ಎಚ್ಚರ ಇದ್ದೂ ಮೈ ಏಳದೆ, ಎದೆ ಮೇಲೆ ಭಾರ ಕೂತು, ಕೋಣೆಯಲ್ಲಿ ಯಾರೋ ನಿಂತ ಹಾಗೆ ಕಾಣುವುದಕ್ಕೆ ಅಲ್ಲಿಯ ಜನ ಇಟ್ಟ ಹೆಸರು, ದೆವ್ವ ಹಾಸಿಗೆ ಅಮುಕುವುದು. ಸಂಶೋಧಕರು ವಿದ್ಯಾರ್ಥಿಗಳನ್ನು ಕೇಳುವಾಗ ಆ ಹೆಸರನ್ನೇ ಹಿಡಿದು ಕೇಳಿದ್ದರಂತೆ. ಕೇಳಿದ್ದಕ್ಕೆ ಎಷ್ಟೋ ಜನ ಹೌದು, ನನಗೂ ಅಂದಿದ್ದರಂತೆ.

ಲೈಬ್ರರಿಯ ಕಿಟಕಿಯ ಹತ್ತಿರ ನಿಂತಿದ್ದೆ. ಹೊರಗೆ ಬಿಸಿಲು ಕಾಯುತ್ತಿತ್ತು. ನಾನು ಯಾವತ್ತೂ ನೋಡದ ಯಾವುದೋ ಊರಿನ ಹಾಸ್ಟೆಲಿನಲ್ಲಿ, ನನ್ನ ವಯಸ್ಸಿನವನೊಬ್ಬ ಅದೇ ಭಾರ ಹೊತ್ತು ಬಾಗಿಲು ನೋಡುತ್ತ ಬಿದ್ದಿದ್ದಾನೆ. ಮೊದಲು ಸಮಾಧಾನ ಆಯಿತು. ಆಮೇಲೆ ಹಾಗಾದರೆ ಅವು ಅಲ್ಲಿಗೂ ಹೋಗುತ್ತವೆ ಅನ್ನಿಸಿ ಹೆದರಿಕೆಯೂ ಆಯಿತು. ಎರಡನ್ನೂ ಬರೆಯುತ್ತಿದ್ದೇನೆ, ಎರಡೂ ನಿಜ.

ಸೆಮಿನಾರಿನಲ್ಲಿ ಆ ಪುಟ ಓದಿ, ತರಗತಿಯನ್ನು ನಮ್ಮ ಮಾತಿನಲ್ಲೇ ಕೇಳಿದೆ. ಯಾರಿಗಾದರೂ ಏನಾದರೂ ಅಮುಕುತ್ತದೆಯೇ ಅಂತ. ಒಬ್ಬರೂ ಕೈ ಎತ್ತಲಿಲ್ಲ. ಗಂಟೆ ಹೊಡೆದ ಮೇಲೆ ಒಬ್ಬೊಬ್ಬರಾಗಿ ಬಂದರು. ಚೀನಾ ಅಂತ ರೇಗಿಸಿದವನೇ ಮೊದಲು ಬಂದ. ಮೆಟ್ಟಿಲ ಕೆಳಗೆ ಕರೆದುಕೊಂಡು ಹೋಗಿ, ನಮ್ಮಜ್ಜಿ ತೀರೋದ ವರ್ಷದಿಂದ ನಂಗೂ ಅದೆ ಕಣ್ಲಾ ಅಂದು, ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡ. ಕೊನೆಗೆ ಮೇಡಂ ಕರೆದರು. ಎಲ್ಲರಿಗೂ ಒಂದೆರಡು ಸಲ ಆಗುವುದು ಬೇರೆ, ನಿನ್ನದು ಬೇರೆ, ನಕ್ಕರೆ ಬೀಳುವುದು, ಕೂತಲ್ಲೇ ಮಲಗುವುದು ಎಲ್ಲ ಸೇರಿಸಿ ತೋರಿಸು ಅಂದು ಚೀಟಿ ಬರೆದುಕೊಟ್ಟರು.

ಜಿಲ್ಲಾ ಆಸ್ಪತ್ರೆಯಿಂದ ಮೈಸೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿಯ ಕಾಯುವ ಕೋಣೆಗೆ ಉದ್ದದ ಸಿಮೆಂಟ್ ಬೆಂಚು. ಪಕ್ಕದಲ್ಲಿ ನಂಜನಗೂಡು ಕಡೆಯ ಒಬ್ಬ ಹೆಂಗಸು, ಗಂಡನ ಪಾರ್ಶ್ವವಾಯುವಿಗೆ ಬಂದಿದ್ದವಳು. ನನ್ನ ಕಣ್ಣು ಎಳೆಯುತ್ತಿರುವುದನ್ನು ನೋಡಿ, ಮಲಿಕ್ಕಳಪ್ಪ, ನಿನ್ನ ಸರದಿ ಬಂದ್ರೆ ನಾನು ಎಬ್ಬುಸ್ತೀನಿ ಅಂದಳು. ಮಲಗು ಅಂತ ಬೈಗುಳ ಇಲ್ಲದೆ ಹೇಳಿದವರನ್ನು ನಾನು ಆ ತನಕ ಕಂಡಿರಲಿಲ್ಲ.

ಪರೀಕ್ಷೆಯೂ ವಿಚಿತ್ರ. ತಲೆಗೆಲ್ಲ ತಂತಿ ಅಂಟಿಸಿ, ಹಗಲು ಹೊತ್ತಿನಲ್ಲೇ ಕೋಣೆ ಕತ್ತಲೆ ಮಾಡಿ ಮಲಗಿಸುತ್ತಾರೆ, ಎಬ್ಬಿಸುತ್ತಾರೆ, ಮತ್ತೆ ಮಲಗಿಸುತ್ತಾರೆ. ಒಂದು ಸಲ ಅಲ್ಲಿಯೂ ಮೈ ಹೋಯಿತು. ಬಾಗಿಲ ಕಡೆ ಕಣ್ಣು ಹೊರಳಿಸಿದೆ. ಒಬ್ಬನೇ ನಿಂತಿದ್ದ, ಎಡಗಡೆಯವನು, ತಲೆ ವಾಲಿಸಿಕೊಂಡು. ಬಲಗಡೆ ಖಾಲಿ. ನನಗೆ ಅದು ಅರ್ಥವಾಗಲಿಲ್ಲ.

ಕಾಯಿಲೆಗೆ ನಾರ್ಕೊಲೆಪ್ಸಿ ಅಂತ ಹೆಸರು, ಹಗಲು ನಿದ್ದೆ, ನಕ್ಕರೆ ಬೀಳುವುದು, ಮೈ ಬಾರದಿರುವುದು ಎಲ್ಲ ಅದರದ್ದೇ. ಡಾಕ್ಟರು ಅದನ್ನು ಹೇಳುವ ದಿನ ಅಪ್ಪನನ್ನು ಹೊರಗೆ ಕೂರಲು ಹೇಳಿದರು. ನಾನು ಪುಸ್ತಕದಲ್ಲಿ ಓದಿದ್ದು ನೆನಪಾಗಿ, ನಮ್ಮಪ್ಪ ಇಲ್ಲೇ ಇರಲಿ ಸಾರ್ ಅಂದೆ. ಅಲ್ಲಿ ಚೀನಾದಲ್ಲಿ ಮನೆಯವರನ್ನು ಕೂರಿಸಿಕೊಳ್ಳುತ್ತಾರಂತೆ ಅಂತಲೂ ಸೇರಿಸಿದೆ. ಡಾಕ್ಟರು ನನ್ನ ಮುಖ ನೋಡಿ ಕುರ್ಚಿ ಎಳೆಸಿದರು. ಅಪ್ಪ ಖಾಕಿ ಅಂಗಿಯ ಗುಂಡಿ ಹಾಕಿಕೊಂಡು ತುದಿಯಲ್ಲಿ ಕೂತ.

ಮೈ ಬಾರದೆ ಇದ್ದಾಗ ಏನು ಕಾಣುತ್ತದೆ ಅಂತ ಕೇಳಿದರು. ಮೊದಲ ಸಲ ಬಾಯಿ ಬಿಟ್ಟೆ. ಬಾಗಿಲಲ್ಲಿ ಇಬ್ಬರು, ಮುಖ ಇಲ್ಲ, ಬಲಗಡೆಯವನ ಕೈಲಿ ಬಾಗಿದ್ದು ಏನೋ ಅಂದೆ.

"ಕುಡ್ಲು ಅದು," ಅಂದ ಅಪ್ಪ.

ಇಬ್ಬರೂ ಅವನ ಕಡೆ ತಿರುಗಿದೆವು.

"ಬಾಗಿರೋದು ಕುಡ್ಲು ಸಾ. ಅದ ಇಡ್ಕಂಡು ನಿಂತ್ಕಳೋನು ನಾನೇಯ."

ಆಮೇಲೆ ನಿಧಾನವಾಗಿ ಹೇಳಿದ. ಪಾಳಿ ಮುಗಿಸಿ ಮಧ್ಯಾಹ್ನ ಬಂದರೆ ಮಗ ಕಣ್ಣು ಬಿಟ್ಟುಕೊಂಡು ಕಟ್ಟಿಗೆಯ ಹಾಗೆ ಬಿದ್ದಿರುತ್ತಿದ್ದ. ಮೇಲೆ ಏನೋ ಕೂತಿದೆ ಅಂತ ಅವನಿಗೆ ಖಾತ್ರಿ. ಹೆಸರು ಹಿಡಿದು ಕೂಗಿದರೆ ಅದು ಹೆಸರು ಕಲಿತುಕೊಳ್ಳುತ್ತದೆ. ಮುಟ್ಟಿದರೆ ರೇಗುತ್ತದೆ. ಕಬ್ಬಿಣ ಕಂಡರೆ ಹೋಗುತ್ತದೆ. ಅದಕ್ಕೆ ಸೂರಿನಿಂದ ಕುಡುಗೋಲು ತೆಗೆದುಕೊಂಡು, ಉಸಿರು ಹಿಡಿದು, ಅದು ಇಳಿಯುವ ತನಕ ಬಾಗಿಲು ಕಾಯುತ್ತಿದ್ದ. ನಾನು ಅಲುಗಿದ ಕೂಡಲೇ, ಹೆದರಿಕೊಳ್ಳದಿರಲಿ ಅಂತ ಪಕ್ಕಕ್ಕೆ ಸರಿದುಬಿಡುತ್ತಿದ್ದ. "ಆನೆ ಎದ್ರುಗೆ ಬಂದಾಗ ನಿಲ್ತೀವಲ್ಲ ಸಾ, ಅಂಗೆ."

ಕಾಡಿನಲ್ಲಿ ಜೀವ ಉಳಿಸಿದ ವಿದ್ಯೆಯನ್ನೇ ಮನೆಯಲ್ಲಿ ನಡೆಸಿದ್ದ. ನಾನು ವರ್ಷಗಟ್ಟಲೆ ಯಾರಿಗೆ ಹೆದರಿ ಬೆವೆತೆನೋ ಅವನು ನನ್ನನ್ನು ಕಾಯುತ್ತಿದ್ದ. ಒಂದು ಮಾತು ಆಡಿದ್ದರೆ ಸಾಕಿತ್ತು. ಡಾಕ್ಟರು ನಗಲಿಲ್ಲ, ಅದಕ್ಕೆ ಅವರಿಗೆ ಈಗಲೂ ಕೈ ಮುಗಿಯುತ್ತೇನೆ. ಮುಂದೆ ಹಾಗಾದಾಗ ಹತ್ತಿರ ಹೋಗಿ, ಮೈ ಮುಟ್ಟಿ, ಹೆಸರು ಹಿಡಿದು ಕೂಗಬೇಕು, ಬೇಗ ಬಿಡುತ್ತದೆ ಅಂದರು.

"ಎಸ್ರಿಡ್ದಾ?"

"ಹೆಸರು ಹಿಡಿದೇ."

ಅಪ್ಪ ಮಾತ್ರೆಯ ಚೀಟಿ ಮಡಚಿ ಜೇಬಿಗಿಟ್ಟುಕೊಂಡ. ಬಸ್‌ಸ್ಟ್ಯಾಂಡಿನಲ್ಲಿ ಗುಂಡ್ಲುಪೇಟೆ ಬೋರ್ಡು ನೋಡುತ್ತ ನಿಂತಾಗ ಕೇಳಿದ.

"ಇಬ್ರು ಅಂದಲ್ಲ. ಇನ್ನೊಬ್ಬ ಯಾರ್ಲಾ?"

ಅವ್ವ ಇರಬೇಕು ಅಂದೆ.

"ನಿಮ್ಮವ್ವ ಆ ಒತ್ತಲ್ಲಿ ಊವಿನ ಒಲದಲ್ಲಿರ್ತಾಳೆ. ನಾನೊಬ್ನೆ ಕಣ್ಲಾ ನಿಲ್ತಿದ್ದುದ್ದು."

ಬಸ್ಸು ಬಂತು. ಹತ್ತಿದೆವು. ನಂಜನಗೂಡು ದಾಟುವ ತನಕ ಇಬ್ಬರಿಗೂ ನಿದ್ದೆ ಬರಲಿಲ್ಲ. ನನಗೆ ಅದು ಸಣ್ಣ ವಿಷಯವಲ್ಲ.

ಮಾತ್ರೆ ಶುರುವಾಯಿತು. ವಾಸಿಯಾಗುವ ಕಾಯಿಲೆಯಲ್ಲ, ಜೊತೆಗೆ ಬದುಕುವ ಕಾಯಿಲೆ. ಹೊತ್ತಿಗೆ ಸರಿಯಾಗಿ ಒಂದೊಂದು ಚೂರು ಮಲಗಿದರೆ ಉಳಿದ ಹೊತ್ತು ನನ್ನದು. ಕಾಲೇಜಿನವರು ಪರೀಕ್ಷೆಯ ನಡುವೆ ಕಣ್ಣು ಮುಚ್ಚಲು ಅವಕಾಶ ಕೊಟ್ಟರು. ಹೋಗಿದ್ದ ಪೇಪರ್ ಮತ್ತೆ ಬರೆದೆ.

ಅಪ್ಪ ಮೊದಲ ಸಲ ಕೂಗಿದ ದಿನ ಹೇಳಲೇಬೇಕು. ಚಾಪೆಯ ಮೇಲೆ ಮೈ ಹೋಗಿತ್ತು. ಬಾಗಿಲಲ್ಲಿ ಇಬ್ಬರೂ ಇದ್ದರು. ಬಲಗಡೆಯವನು ಕುಡುಗೋಲು ಕೆಳಗಿಟ್ಟ. ಹೊಸ್ತಿಲು ದಾಟಿದ. ಬಿಸಿಲು ಬಿಟ್ಟು ಒಳಗೆ ಬಂದಂತೆ ಅವನಿಗೆ ಮುಖ ಬಂತು, ಮೀಸೆ ಬಂತು, ನಮ್ಮಪ್ಪ ಆದ. ನನ್ನ ಭುಜ ಹಿಡಿದು, ಯಾರಾದರೂ ಕೇಳಿಸಿಕೊಂಡಾರು ಅನ್ನುವ ಭಯಕ್ಕೆ ಸಣ್ಣ ದನಿಯಲ್ಲಿ ಮೂರು ಸಲ ಅಂದ, "ಮಾದೇಶ. ಮಾದೇಶ. ಮಾದೇಶ." ಭಾರ ಇಳಿಯಿತು. ಅವನ ಬೆನ್ನ ಹಿಂದೆ ಎಡಗಡೆಯದು ಇನ್ನೂ ನಿಂತಿತ್ತು, ಒಂದು ಕ್ಷಣ, ತಲೆ ನೆಟ್ಟಗೆ ಮಾಡಿಕೊಂಡು. ಕೇಳಬೇಕಾದ್ದು ಕೇಳಿಸಿದವರ ಹಾಗೆ.

ಅದು ನನ್ನ ಮಿದುಳಿನ ಕನಸು, ಎಚ್ಚರದೊಳಕ್ಕೆ ಚೆಲ್ಲಿದ್ದು ಅಂತ ನಾನು ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದು ನಂಬರು ತೆಗೆದಿದ್ದೇನೆ. ಹಗಲಿನಲ್ಲಿ ನಂಬುತ್ತೇನೆ. ಆದರೆ ಅದು ನನಗೆ ಬರುವುದೇ ಹಗಲಿನಲ್ಲಿ.

ಸರ್ಟಿಫಿಕೇಟ್ ಕೊಡುವ ಸಮಾರಂಭ ಕಾಲೇಜಿನ ಹಾಲಿನಲ್ಲಿ, ಮಧ್ಯಾಹ್ನ. ಎಲ್ಲರಿಗೂ ಸಂಭ್ರಮ, ನನಗೆ ಭಯ. ಜೀವಮಾನದ ಖುಷಿ ಅದು, ಖುಷಿಯಾದರೆ ನಾನು ಬೀಳುತ್ತೇನೆ. ಮಾವನ ಮುಂದೆ, ಇಡೀ ಚಾಮರಾಜನಗರದ ಮುಂದೆ. ಅಪ್ಪನಿಗೆ ಹೇಳಿದ್ದೆ. ಅವನು ಸೀಟು ಬೇಡ ಅಂದು ಹಾಲಿನ ಹಿಂಬಾಗಿಲಲ್ಲಿ ನಿಂತ. ನಿಂತು ಕಾಯುವುದು ಅವನಿಗೆ ಹೊಸದಲ್ಲ.

ವೇದಿಕೆಯ ಮೆಟ್ಟಿಲ ಹತ್ತಿರ ಸಾಲಿನಲ್ಲಿದ್ದಾಗ, ಎಡಗಡೆಯ ಪರದೆಯ ಹಿಂದಿನಿಂದ ಯಾರೋ ಮೆಲ್ಲಗೆ ಕರೆದರು. ಮಾದೇಶ. ಒಂದೇ ಸಲ. ಹಿಂದಿನವನನ್ನು ಕೇಳಿದೆ, ಅವನಿಗೆ ಕೇಳಿಸಿರಲಿಲ್ಲ. ನಾನು ತಿರುಗಲಿಲ್ಲ, ಓಗೊಡಲಿಲ್ಲ. ಆಮೇಲೆ ಮೈಕಿನಲ್ಲಿ ಹೆಸರು ಬಂತು, ಹತ್ತಿದೆ.

ಪ್ರಿನ್ಸಿಪಾಲರು ನನ್ನ ಕೈಗೆ ಸರ್ಟಿಫಿಕೇಟ್ ಇಟ್ಟರು. ಅದರ ಮೇಲೆ ನನ್ನ ಹೆಸರು, ಕೆಳಗೆ ಅಪ್ಪನ ಹೆಸರು. ತಲೆ ಎತ್ತಿದೆ. ದೂರದ ಹಿಂಬಾಗಿಲಲ್ಲಿ, ಬಿಸಿಲು ಬೆನ್ನಿಗೆ, ಅಪ್ಪ ಕಪ್ಪಗೆ ನಿಂತಿದ್ದ, ಕೈ ಖಾಲಿ. ಪಕ್ಕದಲ್ಲಿ, ಎಡಗಡೆ, ಇನ್ನೊಬ್ಬರು, ಸ್ವಲ್ಪ ಗಿಡ್ಡ. ಅಷ್ಟರಲ್ಲಿ ಖುಷಿ ಹೊಟ್ಟೆಯಿಂದ ಮೇಲೆ ಬಂತು, ಮಂಡಿ ಬಿಟ್ಟುಕೊಂಡವು.

"ಮಾದೇಶ!"

ಹಾಲಿನ ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಕಾಡಿನಲ್ಲಿ ಯಾವತ್ತೂ ದನಿ ಎತ್ತದ ನಮ್ಮಪ್ಪ ಎರಡನೇ ಸಲ ಕೂಗಿದ, ಮೂರನೇ ಸಲ ಕೂಗಿದ. ನಾನು ಒಂದು ಮಂಡಿ ಊರಿ, ಮೇಜಿನ ಕಾಲು ಹಿಡಿದು ಅಲ್ಲೇ ತಡೆದುಕೊಂಡೆ, ಪೂರ್ತಿ ಬೀಳಲಿಲ್ಲ. ಗುರುಗಳ ಕಾಲಿಗೆ ನಮಸ್ಕಾರ ಮಾಡಿದ ಅಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಎದ್ದೆ. ಸರ್ಟಿಫಿಕೇಟ್ ಕೈಯಲ್ಲೇ ಇತ್ತು.

ಹೊರಗೆ ಮಾವ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಹಳದಿ ಬೆರಳಿನ ಗುರುತು ಮೂಲೆಯಲ್ಲಿ ಉಳಿಯಿತು, ಈಗಲೂ ಇದೆ. ತಕ್ಕಡಿ ಎಲ್ಲಿ ಮಾವ ಅಂದೆ. ನಡಿಲಾ ಮಂಡಿಗೆ, ಕೂತ್ಕತೀನಿ, ರೇಟು ಬಿದ್ದೋಗದೆ ಈಗ ಅಂದು ಕಣ್ಣು ಒರೆಸಿಕೊಂಡ.

ಅಪ್ಪ ನಿಧಾನವಾಗಿ ಬಂದ. ಅವನ ಹಿಂದೆ ಹಾಲಿನ ಬಾಗಿಲು ಖಾಲಿಯಾಗಿತ್ತು. ನಿನ್ನ ಪಕ್ಕ ಯಾರು ನಿಂತಿದ್ದದ್ದು ಅಂತ ಕೇಳಿದೆ. ಅವನು ತಿರುಗಿ ನೋಡಲಿಲ್ಲ. ನನ್ನ ಭುಜದ ಮೇಲೆ ಕೈ ಇಟ್ಟ.

"ಇದ್ರೆ ಇರ್ಲಿ ಬುಡು. ಮೂರ್ ಸಲ ಕೂಗ್ಬುಟ್ಟೆ ಕಣ್ಲಾ, ಎಲ್ರೂ ಕೇಳುಸ್ಕಂಡ್ರು. ಅದುನೂ ಕೇಳುಸ್ಕಳ್ಳಿ, ನನ್ ಮಗ ಡಿಗ್ರಿ ಮಾಡವ್ನೆ ಅಂತ."